13 ಟನ್ನಿನ ಹೆಲಿಕಾಪ್ಟರ್ ಸಾಕಾ, ಜೆಸಿಬಿ ಎತ್ತೋ ಅಂಥದ್ದನ್ನ ನಾವೇ ಯಾಕೆ ಮಾಡ್ಬಾರ್ದು?

ಕಲ್ಪತರು_ನಾಡು:
ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ತಲೇಲಿ ಕೊರೀತಿರೋ ವಿಷ್ಯ, ಇಲ್ಲಿ ತಿಳ್ದೋರು ಇದೀರಾ ಅಂತ ಕೇಳ್ತಿದೀನಿ. ಯಲಹಂಕದ ಏರೋ ಇಂಡಿಯಾದಲ್ಲಿ ಎಚ್‌ಎಎಲ್ ಮಳಿಗೇಲಿ ಐಎಂಆರ್‌ಎಚ್ ಮಾದರಿ ನೋಡಿದ್ದೆ, ಅದೇ ಇಂಡಿಯನ್ ಮಲ್ಟಿ ರೋಲ್ ಹೆಲಿಕಾಪ್ಟರ್, 13 ಟನ್ನಿಂದು. ನೋಡೋಕೆ ಚೆನ್ನಾಗಿದೆ, ನಮ್ಮೋರೇ ಮಾಡ್ತಿರೋದು ಅಂತ ಖುಷೀನೂ ಆಯ್ತು. ಆದ್ರೆ ಬೆಟ್ಟ ಕುಸಿದಾಗ, ರಸ್ತೆ ಕೊಚ್ಚಿಕೊಂಡು ಹೋದಾಗ ಬೇಕಾಗೋದು ಜೆಸಿಬಿ, ಡೋಜರ್, ಜನರೇಟರ್. ಅವನ್ನೆಲ್ಲ ಎತ್ತೋಕೆ ಅಮೆರಿಕದ ಚಿನೂಕ್ ಬೇಕು, ಇಲ್ಲಾ ರಷ್ಯಾದ ಎಂಐ-26 ಬೇಕು. ಚಿನೂಕ್ ನಮ್ಮತ್ರ ಇರೋದೇ 15. ಹೊಸದಾಗಿ ಡಿಸೈನ್ ಮಾಡೋಕೆ ಕೂತ್ಮೇಲೆ ನೇರವಾಗಿ 25 ಟನ್ನಿಂದೇ ಮಾಡ್ಬಾರ್ದಾ? ಹತ್ತು ಹದಿನೈದು ವರ್ಷ ಕಷ್ಟಪಟ್ಟು ಕೊನೇಗೆ ಈಗಾಗ್ಲೇ ಇರೋ ರಷ್ಯಾದ ಎಂಐ-17 ಹೆಲಿಕಾಪ್ಟರ್‌ಗೆ ಸಮ ಆಗೋದನ್ನ ತಂದ್ರೆ ಏನ್ ಬಂತು ಅನ್ಸುತ್ತೆ ನಂಗೆ. ತಪ್ಪಿದ್ರೆ ತಿದ್ದಿ.

ಯಲಹಂಕ_ಹಕ್ಕಿ:
ಒಂದು ಕನ್‌ಫ್ಯೂಷನ್ ಮೊದ್ಲು ಬಿಡಿಸ್ಬಿಡೋಣ. 13 ಟನ್ ಅಂದ್ರೆ ಅದು ಎತ್ತೋ ಭಾರ ಅಲ್ಲ, ತನ್ನ ಮೈ, ಇಂಧನ, ಜನ, ಸಾಮಾನು ಎಲ್ಲಾ ಸೇರಿ ನೆಲ ಬಿಡುವಾಗಿನ ಗರಿಷ್ಠ ತೂಕ. ಎಂಐ-17 ವಿ5 ಕೂಡ 13 ಟನ್ನೇ, ಅದು ಒಳಗೆ 4 ಟನ್, ಹೊರಗೆ ಕೊಕ್ಕೆಗೆ ತೂಗುಹಾಕಿದ್ರೆ ನಾಲ್ಕೂವರೆ ಟನ್ ಒಯ್ಯುತ್ತೆ, ಅದೂ ಸಮುದ್ರಮಟ್ಟದ ಲೆಕ್ಕ. ಐಎಂಆರ್‌ಎಚ್ ಬರ್ತಿರೋದು ಅದೇ ಎಂಐ-17 ಜಾಗಕ್ಕೆ. ಹಾಗಾಗಿ ಇದು ಮಧ್ಯಮ ತೂಕದ್ದು, ಹೆವಿ ಲಿಫ್ಟ್, ಅಂದ್ರೆ ಭಾರೀ ತೂಕ ಎತ್ತೋದು, ಅಂತ ಕರೆಯೋದೇ ಸರಿ ಅಲ್ಲ.

ಕಲ್ಪತರು_ನಾಡು:
ಸರಿ ಸರ್, ಅದು ಗೊತ್ತಾಯ್ತು. ಆಗ ನನ್ನ ಪ್ರಶ್ನೆ ಇನ್ನೂ ಗಟ್ಟಿ ಆಯ್ತು ಅಲ್ವಾ? ಜೆಸಿಬಿ ಒಂದು ಏಳೂವರೆ ಟನ್ ಇರುತ್ತೆ. ನಮ್ಮ ಹೊಸ ಹೆಲಿಕಾಪ್ಟರ್ ಅದನ್ನ ಎತ್ತಲ್ಲ.

ರೋಟರ್_ರಂಗ:
@ಕಲ್ಪತರು_ನಾಡು ಎತ್ತಲ್ಲ ನಿಜ, ಆದ್ರೆ 13ನ್ನ 25 ಮಾಡೋದು ಅಂದ್ರೆ ಡ್ರಾಯಿಂಗ್ ದೊಡ್ಡದು ಮಾಡೋ ಅಷ್ಟು ಸುಲಭ ಅಲ್ಲ ಗುರು. ನಾನು ಗೇರ್ ಕಟಿಂಗ್ ಫೀಲ್ಡಲ್ಲಿ 20 ವರ್ಷದಿಂದ ಇದೀನಿ ಹೆಲಿಕಾಪ್ಟರ್‌ದಲ್ಲ ಬೇರೆ ಕಡೆದು ಆದ್ರೂ ಲೆಕ್ಕ ಒಂದೇ, ಸ್ವಲ್ಪ ಉದ್ದ ಆಗುತ್ತೆ ಓದ್ಕೊಳಿ.

ರೋಟರ್ ಅಂದ್ರೆ ಮೇಲೆ ತಿರುಗೋ ರೆಕ್ಕೆ, ಅದರ ಬ್ಲೇಡಿನ ತುದಿ ಎಷ್ಟು ವೇಗದಲ್ಲಿ ತಿರುಗ್ಬಹುದು ಅನ್ನೋದಕ್ಕೆ ಮಿತಿ ಇದೆ, ಸೆಕೆಂಡಿಗೆ ಸುಮಾರು 220 ಮೀಟರ್ ಆಸುಪಾಸು. ಅದಕ್ಕಿಂತ ಜಾಸ್ತಿ ಹೋದ್ರೆ ಮುಂದಕ್ಕೆ ಹಾರುವಾಗ ಮುಂದೆ ಬರೋ ಬ್ಲೇಡಿನ ತುದಿ ಶಬ್ದದ ವೇಗದ ಹತ್ರ ಹೋಗಿ ಎಳೆತ, ಕಂಪನ, ಗದ್ದಲ ಎಲ್ಲಾ ಶುರು. ಈಗ ಎಚ್‌ಎಎಲ್‌ನೋರೇ ಮಾಡಿದ ಧ್ರುವ್ ಹೆಲಿಕಾಪ್ಟರಿನ ರೋಟರ್ ಅಡ್ಡಗಲ 13.2 ಮೀಟರ್, ಅದು ನಿಮಿಷಕ್ಕೆ 300 ಚಿಲ್ಲರೆ ಸುತ್ತು ತಿರುಗುತ್ತೆ. ಎಂಐ-26 ರೋಟರ್ 32 ಮೀಟರ್, ಅದು ಬರೀ 132 ಸುತ್ತು. ತುದಿ ವೇಗ ಎರಡರದ್ದೂ ಹೆಚ್ಚುಕಮ್ಮಿ ಒಂದೇ ಬರುತ್ತೆ, ಕ್ಯಾಲ್ಕುಲೇಟರ್ ತಗೊಂಡು ನೀವೇ ನೋಡಿ.

ಅಂದ್ರೆ ಹೆಲಿಕಾಪ್ಟರ್ ದೊಡ್ಡದಾದಷ್ಟೂ ಶಕ್ತಿ ಜಾಸ್ತಿ, ಸುತ್ತು ಕಮ್ಮಿ. ಟಾರ್ಕ್ ಅಂದ್ರೆ ತಿರುಗಿಸೋ ಬಲ, ಶಕ್ತಿನ ಸುತ್ತಿನ ವೇಗದಿಂದ ಭಾಗಿಸಿದ್ದು. ಧ್ರುವ್‌ಗೆ ಹೋಲಿಸಿದ್ರೆ ಎಂಐ-26 ಗೇರ್‌ಬಾಕ್ಸ್ (ಎಂಜಿನ್ ಶಕ್ತಿನ ರೋಟರ್‌ಗೆ ಮುಟ್ಟಿಸೋದು) ಮೇಲೆ ಬರೋ ಶಕ್ತಿ ಏಳು ಪಟ್ಟು ಇರ್ಬಹುದು, ಆದ್ರೆ ಟಾರ್ಕ್ ಹದಿನೇಳು ಪಟ್ಟು! ಗೇರ್‌ಬಾಕ್ಸ್ ತೂಕ ಹೋಗೋದು ಟಾರ್ಕ್ ಹಿಂದೆ. ಎಂಐ-26 ಮುಖ್ಯ ಗೇರ್‌ಬಾಕ್ಸ್ ಒಂದೇ ಮೂರೂವರೆ ಟನ್ ಹತ್ರ ಇದೆ, ಅಂದ್ರೆ ಎಚ್‌ಎಎಲ್‌ನ ಒಂದು ಎಲ್‌ಯುಎಚ್ (ಹಗುರ ಹೆಲಿಕಾಪ್ಟರ್) ತುಂಬಾ ಜನ ಸಾಮಾನು ಹಾಕ್ಕೊಂಡು ನಿಂತಷ್ಟು ತೂಕ. ಎಂಜಿನ್ ಕಂಪನಿಯೋರು ಅದನ್ನ ಮಾಡಿಕೊಡಲಿಲ್ಲ, ಎಂಐ ಹೆಲಿಕಾಪ್ಟರ್‌ಗಳನ್ನ ಡಿಸೈನ್ ಮಾಡಿದ ಮಿಲ್ ಸಂಸ್ಥೆಯೋರೇ ಕೂತು ಟಾರ್ಕ್‌ನ ಹಲವು ದಾರಿಗೆ ಹಂಚಿ ಮತ್ತೆ ಕೂಡಿಸೋ ಥರ ಡಿಸೈನ್ ಮಾಡಿದ್ದು. ನಮ್ಮತ್ರ ಐದೂವರೆ ಟನ್ ಧ್ರುವ್ ಗೇರ್‌ಬಾಕ್ಸ್ ಅನುಭವ ಇದೆ. ಅಲ್ಲಿಂದ 13ಕ್ಕೆ ಹೋಗೋದೇ ದೊಡ್ಡ ಜಿಗಿತ. ನೇರ 25ಕ್ಕೆ ಹೋಗಿ ಅಂದ್ರೆ ನಾನಂತೂ ಒಪ್ಪಲ್ಲ.

ಸಾಂಬ್ರಾ_ಮಾಜಿ:
ಎಂಐ-26 ಮಾತು ಬಂತಂತ ಬರಿಯಾಕತ್ತೀನ್ರಿ. ನಾ ವಾಯುಪಡೆಯೊಳಗ ಗ್ರೌಂಡ್ ಡ್ಯೂಟಿ ಮಾಡಿದವ, ಸಾಂಬ್ರಾದಾಗ ಟ್ರೇನಿಂಗು, ಆಮ್ಯಾಲ ನಾಕ್ ವರ್ಷ ಚಂಡೀಗಢದಾಗ. ಅಲ್ಲೇ 126 ಹೆಲಿಕಾಪ್ಟರ್ ಯುನಿಟ್, ಅದರ ಹೆಸರು ಫೆದರ್‌ವೇಟ್ಸ್. 1986ರಾಗ ಬಂದ ಮಷೀನು. ಮೊದಲ್ನೇ ಸಲ ಅದರ ಹಿಂದಿನ ಬಾಗಿಲದಾಗ ನಿಂತು ಒಳಗ ನೋಡಿದಾಗ ನಮ್ಮೂರ ಗುಡಿ ಮುಂದಿನ ಮಂಟಪ ನೆನಪಾತು. 12 ಮೀಟರ್ ಉದ್ದ, ಮೂರು ಮೀಟರ್‌ಕಿಂತ ಜಾಸ್ತಿ ಅಗಲ, ಲಾರಿ ಹಂಗ ರಿವರ್ಸ್ ಹೊಡದು ಒಳಗ ಹೋಗ್ತಿತ್ತು. ಎಂಟು ಬ್ಲೇಡ್. ಶುರು ಆದಾಗ ಸಾವಕಾಶ ತಿರಗತಾವು, ಕಣ್ಣಿಗೆ ಒಂದೊಂದು ಬ್ಲೇಡ್ ಕಾಣತೈತಿ, ಆಮ್ಯಾಲ ನೆಲಾನ ನಡಗತೈತಿ. ಇಳಿಯೂ ಹೊತ್ತಿಗೆ ಹತ್ತಿರ ಇದ್ದ ಟೆಂಟ್ ಎಲ್ಲಾ ಗಟ್ಟಿ ಕಟ್ಟಬೇಕಾಗ್ತಿತ್ತು, ಇಲ್ಲಾಂದ್ರ ಹಾರಿ ಹೋಗತಾವ.

ಕೆಲಸಾನೂ ಹಂಗ ಮಾಡೇತಿ. 2013ರ ಪ್ರವಾಹದ ನಂತರ ಕೇದಾರನಾಥ ಮತ್ತ ಕಟ್ಟಾಕ ದೊಡ್ಡ ದೊಡ್ಡ ಯಂತ್ರ ಮ್ಯಾಲ ಒಯ್ದದ್ದು ಅದ. ಆದ್ರ ತಮ್ಮಾ, ನಾಕ ಇದ್ವು, 2010ರಾಗ ಒಂದು ಬಿತ್ತು. ನಾಕ ಮಷೀನ್ ಇಟಗೊಂಡು ಅದರ ಬಿಡಿಭಾಗ, ಓವರ್‌ಹಾಲ್ ಎಲ್ಲಾ ನಡಸೂದು ಎಷ್ಟು ತ್ರಾಸ ಅಂತ ಆ ಕೆಲಸ ಮಾಡಿದವ್ರಿಗೇ ಗೊತ್ತು. ಒಂದು ನಟ್ಟಿಗೆ ತಿಂಗಳಗಟ್ಟಲೆ ಕಾದೇವಿ.

ಮಲ್ನಾಡ್_ಮಳೆ:
ಸಮುದ್ರಮಟ್ಟದ ಲೆಕ್ಕ ಬೇರೆ ಬೆಟ್ಟದ ಲೆಕ್ಕ ಬೇರೆ ಅಂತ ಎಲ್ರೂ ಹೇಳ್ತಾರೆ, ಎಷ್ಟು ವ್ಯತ್ಯಾಸ ಮಾರಾಯ್ರೆ?

ಯಲಹಂಕ_ಹಕ್ಕಿ:
ಬಹಳ. ಐದೂವರೆ ಸಾವಿರ ಮೀಟರ್ ಎತ್ತರಕ್ಕೆ ಹೋದ್ರೆ ಗಾಳಿ ಸಾಂದ್ರತೆ ಅರ್ಧ ಆಗೋಗುತ್ತೆ. ರೋಟರ್ ಕೆಳಕ್ಕೆ ತಳ್ಳೋಕೆ ಗಾಳಿನೇ ಇಲ್ಲ, ಎಂಜಿನ್‌ಗೆ ಉಸಿರಾಡೋಕೂ ಗಾಳಿ ಇಲ್ಲ, ಎರಡೂ ಕಡೆಯಿಂದ ಹೊಡೆತ.

ವಿಮಾನಪುರ_ಹುಡುಗಿ:
@ಯಲಹಂಕ_ಹಕ್ಕಿ ಸಣ್ಣ ತಿದ್ದುಪಡಿ ಅಣ್ಣ. ಅರ್ಧ ಆಗೋದು ಒತ್ತಡ. ಅಲ್ಲಿ ಚಳಿ ಇರೋದ್ರಿಂದ ಸಾಂದ್ರತೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿನೇ ಇರುತ್ತೆ, ನೂರಕ್ಕೆ 57 ಹತ್ರ. ಲೇಹ್ ವಿಮಾನ ನಿಲ್ದಾಣ 3,256 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೂರಕ್ಕೆ 72 ಬರುತ್ತೆ, ಬೇಸಿಗೆ ಮಧ್ಯಾಹ್ನ ಬಿಸಿಲಿದ್ರೆ ಇನ್ನೂ ಕಮ್ಮಿ. ಅದಕ್ಕೇ ಅಲ್ಲಿ ಬೆಳಿಗ್ಗೆ ಬೆಳಿಗ್ಗೆನೇ ಹಾರಾಟ ಮುಗಿಸೋಕೆ ನೋಡ್ತಾರೆ.

ಆದ್ರೆ ನೀವು ಹೇಳಿದ ಮುಖ್ಯ ವಿಷ್ಯ ಸರಿ. ಸಿಯಾಚಿನ್ ಮೇಲಿನ ಪೋಸ್ಟುಗಳಿಗೆ ಇವತ್ತಿಗೂ ಹೋಗ್ತಿರೋದು ಪುಟ್ಟ ಚೀತಾ ಹೆಲಿಕಾಪ್ಟರ್, ಎರಡು ಟನ್ನೂ ಇಲ್ಲ ಅದು. ಆ ಮಾಡೆಲ್ಲೇ 1972ರಲ್ಲಿ ಫ್ರಾನ್ಸಲ್ಲಿ 12,442 ಮೀಟರ್ ಏರಿದ್ದು. ಆದ್ರೂ ತೀರಾ ಮೇಲಿನ ಪೋಸ್ಟಿಗೆ ಒಂದ್ಸಲಕ್ಕೆ ಒಂದೆರಡು ಕ್ಯಾನ್ ಸೀಮೆಎಣ್ಣೆ ಒಯ್ದು ವಾಪಸ್ ಬರ್ಬೇಕು. ಹೀಗಿರುವಾಗ ನಮ್ಮ ಡಿಸೈನ್‌ಗೆ ಎಷ್ಟು ಟನ್ ಅಂತ ಕೇಳೋದಕ್ಕಿಂತ ಯಾವ ಎತ್ತರದಲ್ಲಿ ಎಷ್ಟು ಟನ್ ಅಂತ ಕೇಳ್ಬೇಕು. ಹೊರಗಿನ ಕಂಪನಿ ತನ್ನ ಹೆಲಿಕಾಪ್ಟರ್‌ನ ತನ್ನ ದೇಶದ ಹವೆಗೆ ಮಾಡುತ್ತೆ. ನಮಗೆ ಒಂದೇ ಮಷೀನು ರಾಜಸ್ಥಾನದ 45 ಡಿಗ್ರಿಲೂ ಹಾರ್ಬೇಕು, ಲಡಾಖಲ್ಲೂ ಹಾರ್ಬೇಕು. ಎಚ್‌ಎಎಲ್‌ನ ದಾಳಿ ಹೆಲಿಕಾಪ್ಟರ್ ಪ್ರಚಂಡ್ 2015ರಲ್ಲಿ ಸಿಯಾಚಿನ್‌ನಲ್ಲಿ ಇಳೀತಲ್ಲ, ಅಷ್ಟು ಎತ್ತರದಲ್ಲಿ ಬೇರೆ ಯಾವ ದಾಳಿ ಹೆಲಿಕಾಪ್ಟರೂ ಆವರೆಗೆ ಇಳಿದಿರ್ಲಿಲ್ಲ. ನಮ್ಮೋರು ನಮ್ಮ ಎತ್ತರಕ್ಕೇ ಅಂತ ಕೂತು ಡಿಸೈನ್ ಮಾಡಿದ್ದಕ್ಕೆ ಅದು ಸಾಧ್ಯ ಆಯ್ತು.

ಲೆಕ್ಕಾಚಾರ್ಯ:
ನಾನು ಬೇರೆ ಮಾತು ಹೇಳ್ತೀನಿ, ಬೈಬೇಡಿ. ಯಾಕೆ ಮಾಡ್ಬೇಕು? ಇನ್ನೊಂದು 20 ಚಿನೂಕ್ ತಗೊಂಡ್ರೆ ಮುಗೀತು. 1961ರಲ್ಲಿ ಹಾರಿದ ಡಿಸೈನು, 60 ವರ್ಷದಿಂದ ತಿದ್ದಿ ತೀಡಿ ಗಟ್ಟಿ ಆಗಿದೆ. ಜರ್ಮನಿ ಅಂಥ ಜರ್ಮನಿನೇ 2022ರಲ್ಲಿ 60 ಚಿನೂಕ್ ತಗೋತೀವಿ ಅಂತ ತೀರ್ಮಾನ ಮಾಡ್ತು, ಸ್ವಂತದ್ದು ಮಾಡೋಕೆ ಹೋಗ್ಲಿಲ್ಲ. ಹೆವಿ ಲಿಫ್ಟ್ ಎಷ್ಟು ಬೇಕು ನಮಗೆ, 30? 40? ಅಷ್ಟಕ್ಕೆ ಸಾವಿರಾರು ಕೋಟಿ ಸುರಿದು ಡಿಸೈನ್ ಮಾಡಿದ್ರೆ ಒಂದೊಂದರ ಬೆಲೆ ಎಷ್ಟಾಗುತ್ತೆ ಯೋಚ್ನೆ ಮಾಡಿ. ತೆರಿಗೆ ಕಟ್ಟೋರು ನಾವು.

ವಿಮಾನಪುರ_ಹುಡುಗಿ:
@ಲೆಕ್ಕಾಚಾರ್ಯ ಹೆವಿ ಲಿಫ್ಟ್ ಬಗ್ಗೆ ನಿಮ್ಮ ಲೆಕ್ಕ ಸರಿ ಇರ್ಬಹುದು, ಆದ್ರೆ 13 ಟನ್ನಿಗೆ ಆ ಲೆಕ್ಕ ನಡೆಯಲ್ಲ. ಎಂಐ-17 ಜಾತಿದು ನಮ್ಮತ್ರ ನೂರಾರು ಇದಾವೆ, ಒಂದಿನ ಎಲ್ಲಾ ಬದಲಾಯಿಸ್ಬೇಕು. ನೌಕಾಪಡೆಗೆ ಅದೇ ಡಿಸೈನಿನ ಹನ್ನೆರಡೂವರೆ ಟನ್ನಿನ ಇನ್ನೊಂದು ರೂಪ, ಹಡಗಿನ ಮೇಲೆ ಬ್ಲೇಡ್ ಮಡಚಿ ಇಡೋ ಅಂಥದ್ದು. ಸಂಖ್ಯೆ ಇರೋ ಕಡೆ ಸ್ವಂತ ಡಿಸೈನ್ ಗಿಟ್ಟುತ್ತೆ.

ದೊಡ್ಡಬಳ್ಳಾಪುರ_ಡೀಸೆಲ್:
ಬೈಯಲ್ಲ ಆದ್ರೆ ಒಪ್ಪೋದೂ ಇಲ್ಲ @ಲೆಕ್ಕಾಚಾರ್ಯ ಅವ್ರೇ. ಧ್ರುವ್ ಕಥೆ ನೆನಪಿದ್ಯಾ? ಅದಕ್ಕೆ ಸಿಟಿಎಸ್800 ಅಂತ ಎಂಜಿನ್ ಆರಿಸಿದ್ರು. 1998ರಲ್ಲಿ ಪೋಖ್ರಾನ್ ಪರೀಕ್ಷೆ ಆಯ್ತು, ಅಮೆರಿಕ ನಿರ್ಬಂಧ ಹಾಕ್ತು, ಎಂಜಿನ್ ಬರ್ಲಿಲ್ಲ. ಆಮೇಲೆ ಫ್ರೆಂಚ್ ಎಂಜಿನ್ ಕಡೆ ಹೋಗಿ, ಅವ್ರ ಜೊತೆ ಕೂತು ಶಕ್ತಿ ಎಂಜಿನ್ ಮಾಡ್ಕೊಂಡಿದ್ದು. ಇನ್ನೊಂದು, ಎಂಐ-26 ಹೆಲಿಕಾಪ್ಟರ್ ರಷ್ಯಾದ್ದು ಆದ್ರೆ ಅದರ ಡಿ-136 ಎಂಜಿನ್ ಬರ್ತಿದ್ದಿದ್ದು ಉಕ್ರೇನಿನ ಝಪೋರಿಝಿಯಾ ಊರಿಂದ. 2014ರ ಮೇಲೆ ಆ ಎರಡು ದೇಶದ ಮಧ್ಯೆ ಏನಾಯ್ತು ಅಂತ ಎಲ್ರಿಗೂ ಗೊತ್ತು. ಸ್ವಂತ ಎಂಜಿನ್ ಇಲ್ದೆ ಹೆಲಿಕಾಪ್ಟರ್ ನಮ್ದು ಅನ್ನೋ ಹಾಗಿಲ್ಲ.

ಅದಕ್ಕೇ ನಂಗೆ ಐಎಂಆರ್‌ಎಚ್‌ನ ಮಾದರಿಗಿಂತ ಜಾಸ್ತಿ ಆಸೆ ಇರೋದು ಅದರ ಎಂಜಿನ್ ಮೇಲೆ. 2022 ಜುಲೈನಲ್ಲಿ ಎಚ್‌ಎಎಲ್ ಮತ್ತೆ ಫ್ರಾನ್ಸಿನ ಎಂಜಿನ್ ಕಂಪನಿ ಸಾಫ್ರಾನ್ ಸೇರಿ ಜಂಟಿ ಕಂಪನಿ ಮಾಡ್ತೀವಿ ಅಂತ ಒಪ್ಪಂದ ಮಾಡ್ಕೊಂಡ್ರು, ಎಂಜಿನ್‌ಗೆ ಅರಾವಳಿ ಅಂತ ಹೆಸರು ಇಟ್ಟಿದಾರೆ. ಈ ಸಲ ಡಿಸೈನ್‌ನಲ್ಲೂ ನಮ್ಮೋರ ಕೈ ಇರ್ಬೇಕು, ಬರೀ ಜೋಡಿಸೋ ಕೆಲಸ ಆಗ್ಬಾರ್ದು.

ಲೆಕ್ಕಾಚಾರ್ಯ:
ಎಂಜಿನ್ ವಿಷ್ಯ ಒಪ್ಪಿದೆ. ಸಮಯದ ವಿಷ್ಯ ಒಪ್ಪಲ್ಲ. ಧ್ರುವ್ ಕೆಲಸ 1984ರಲ್ಲಿ ಶುರು, ಮೊದಲು ಹಾರಿದ್ದು 1992 ಆಗಸ್ಟ್, ಸೇನೆ ಕೈಗೆ ಬಂದಿದ್ದು 2002. 18 ವರ್ಷ. ಐದೂವರೆ ಟನ್ನಿಗೇ ಇಷ್ಟಾದ್ರೆ 13ಕ್ಕೆ ಎಷ್ಟು? ಅಷ್ಟರಲ್ಲಿ ಎಂಐ-17 ಮುದಿಯಾಗಿರುತ್ತೆ. 2025 ಜನವರೀಲಿ ಪೋರಬಂದರ್ ಅಪಘಾತ ಆಗಿ ಇಡೀ ಧ್ರುವ್ ಪಡೆ ತಿಂಗಳುಗಟ್ಟಲೆ ನೆಲದ ಮೇಲೆ ಕೂತಿದ್ದನ್ನೂ ಮರೀಬೇಡಿ. ಮೂರು ಜನ ಹೋದ್ರು ಅದ್ರಲ್ಲಿ. ಎಲ್ಲದಕ್ಕೂ ಒಂದೇ ಡಿಸೈನ್ ನಂಬ್ಕೊಂಡ್ರೆ ಇದೇ ಅಪಾಯ.

ರೋಟರ್_ರಂಗ:
18 ವರ್ಷದಲ್ಲಿ ಎಂಜಿನ್ ಸಿಗದೆ ಕಳೆದ ವರ್ಷ ಎಷ್ಟು, ದುಡ್ಡು ಸಿಗದೆ ಕಳೆದ ವರ್ಷ ಎಷ್ಟು, ಅದನ್ನೂ ಎಣಿಸ್ಬೇಕು. ಆಗ ಸೊನ್ನೆಯಿಂದ ಶುರು ಮಾಡಿದ್ದು, ಜರ್ಮನ್ ಕಂಪನಿ ಸಹಾಯ ತಗೊಂಡು ಹಿಂಜ್ (ಕೀಲು) ಇಲ್ಲದ, ಕಾಂಪೋಸಿಟ್ ಅಂದ್ರೆ ನಾರು ಅಂಟು ಸೇರಿಸಿ ಮಾಡಿದ ರೋಟರ್ ಕಲಿತ್ರು. ಈಗ ಅದೇ ಕೈಗಳು ಪ್ರಚಂಡ್, ಎಲ್‌ಯುಎಚ್ ಮಾಡಿವೆ. ಅಪಘಾತದ ಮಾತು ಮಾತ್ರ ಒಪ್ತೀನಿ, ಅದರಲ್ಲಿ ಯಾವ ರಾಜಿನೂ ಬೇಡ, ಒಂದು ಪಾರ್ಟ್ ಮೇಲೆ ಅನುಮಾನ ಬಂದ್ರೆ ನಿಲ್ಲಿಸ್ಲೇಬೇಕು.

ಗುಬ್ಬಿ_ಗೂಡು:
ನಾನು ಗುಬ್ಬಿ ತಾಲೂಕು. ಬಿದರೆಹಳ್ಳ ಕಾವಲ್‌ನ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ನಮ್ಮ ಮನೆಯಿಂದ ಹತ್ರ. 615 ಎಕರೆ, 2016ರಲ್ಲಿ ಅಡಿಗಲ್ಲು, 2023 ಫೆಬ್ರವರೀಲಿ ಉದ್ಘಾಟನೆ. ಮೂರು ಟನ್ನಿಂದ 15 ಟನ್ ತನಕದ ಹೆಲಿಕಾಪ್ಟರ್ ಇಲ್ಲೇ ಮಾಡ್ತೀವಿ ಅಂತ ಅವಾಗ್ಲೇ ಹೇಳಿದ್ರು, ಹಾಗಾಗಿ ಈ 13 ಟನ್ನಿಂದು ನಮ್ಮೂರಲ್ಲೇ ಬರ್ಬೇಕು ಅಂತ ನಮ್ಮಾಸೆ. ನಮ್ಮ ಅಜ್ಜಿ ಕಾಲದಲ್ಲಿ ಗುಬ್ಬಿ ಅಂದ್ರೆ ವೀರಣ್ಣನೋರ ನಾಟಕ ಕಂಪ್ನಿ, ನಮ್ಮ ಮಗ ದೊಡ್ಡೋನಾದ್ಮೇಲೆ ಗುಬ್ಬಿ ಅಂದ್ರೆ ಹೆಲಿಕಾಪ್ಟರ್ ಅನ್ಬೇಕು. ಐಟಿಐ ಮುಗಿಸಿ ಪೀಣ್ಯಕ್ಕೆ ಬಸ್ ಹತ್ತೋ ಹುಡುಗ್ರು ಇಲ್ಲೇ ಉಳೀಲಿ. ಡಿಸೈನ್ ದೊಡ್ಡದೋ ಚಿಕ್ಕದೋ ನಂಗೆ ಗೊತ್ತಾಗಲ್ಲ, ಬೇಗ ಶುರು ಆಗ್ಲಿ.

ಕಲ್ಪತರು_ನಾಡು:
@ಗುಬ್ಬಿ_ಗೂಡು ನಾನೂ ಆ ಕಡೆಯೋನೇ, ತಿಪಟೂರು. ನಿಮ್ಮ ಮಾತು ನಂದೂ ಕೂಡ.

ಯಲಹಂಕ_ಹಕ್ಕಿ:
ಇನ್ನೊಂದು ಸ್ವಲ್ಪ ಆಚೆ ಹೋಗ್ತೀನಿ, ದೊಡ್ಡದು ಮಾಡೋ ಆಸೆ ಎಲ್ಲಿಗೆ ಹೋಗಿ ನಿಂತಿತ್ತು ಅಂತ. ಸೋವಿಯತ್ತಿನೋರು ವಿ-12 ಅಂತ ಮಾಡಿದ್ರು, ಎಂಐ-6 ಅನ್ನೋ ಹಳೇ ಹೆಲಿಕಾಪ್ಟರಿನ ಎರಡು ರೋಟರ್‌ನ ಎರಡು ಪಕ್ಕಕ್ಕೆ ರೆಕ್ಕೆ ಥರ ಚಾಚಿ ಕೂರಿಸಿದ್ದು, ಒಂದೊಂದು 35 ಮೀಟರ್, ನಾಲ್ಕು ಎಂಜಿನ್. 1969 ಆಗಸ್ಟ್‌ನಲ್ಲಿ 44 ಟನ್ ಹೊತ್ಕೊಂಡು ಎರಡು ಸಾವಿರ ಮೀಟರ್ ಮೇಲಕ್ಕೆ ಹೋಯ್ತು, ಆ ದಾಖಲೆ ಇವತ್ತಿಗೂ ಯಾರೂ ಮುರಿದಿಲ್ಲ. ಆದ್ರೆ ಎರಡೇ ಎರಡು ಮಾಡಿ ನಿಲ್ಲಿಸಿದ್ರು, ಹೊರೋಕೆ ಇದ್ದ ಕ್ಷಿಪಣಿ ಯೋಜನೆನೇ ಮುಗೀತು. ಅಮೆರಿಕದೋರೂ ಎಕ್ಸ್‌ಸಿಎಚ್-62 ಅಂತ ಶುರು ಮಾಡಿ 1975ರಲ್ಲಿ ಕೈಬಿಟ್ರು. ಚೀನಾ 2008ರ ಸಿಚುವಾನ್ ಭೂಕಂಪದಲ್ಲಿ ಎಂಐ-26ನಿಂದ ಯಂತ್ರ ಸಾಗಿಸಿತ್ತು. ಆಮೇಲೆ ತನಗೂ ಬೇಕು ಅಂತ ರಷ್ಯಾ ಜೊತೆ 38 ಟನ್ನಿಂದು ಡಿಸೈನ್ ಮಾಡೋಕೆ 2016ರಲ್ಲಿ ಒಪ್ಪಂದ ಮಾಡ್ಕೊಂಡ್ತು. ಆದ್ರೆ ಚೀನಾ ಅಷ್ಟರಲ್ಲಿ ಮಧ್ಯಮ ತೂಕದ್ದು ಮಾಡೋದನ್ನ ಕಲ್ತಿತ್ತು. ಆ ಮೆಟ್ಟಿಲು ತಪ್ಪಿಸಿ ಯಾರೂ ಹೋಗಿಲ್ಲ.

ಗಂಗಾವತಿ_ಭತ್ತ:
ನಾನೂ ಒಂದು ಮಾತು ಹೇಳ್ತೀನಿ. 2019ರ ಆಗಸ್ಟ್‌ದಾಗ ತುಂಗಭದ್ರಾ ಡ್ಯಾಮಿಂದ ನೀರು ಬಿಟ್ಟಾಗ ವಿರುಪಾಪುರ ಗಡ್ಡಿ ನಡುಗಡ್ಡಿ ಆಗಿಬಿಡ್ತು. ಪ್ರವಾಸಿಗಳು, ಫಾರಿನ್ನಿನವ್ರು ಸೈತ ಅಲ್ಲೇ ಸಿಕ್ಕಿಬಿದ್ರು. ಬೋಟು ಹೋಗಾಕ ಆಗಲಾರದಷ್ಟು ಸೆಳವು. ನಾವು ದಂಡಿ ಮ್ಯಾಲ ನಿಂತು ನೋಡಾಕತ್ತಿದ್ವಿ. ವಾಯುಪಡೆ ಹೆಲಿಕಾಪ್ಟರ್ ಬಂತು, ಹೋತು, ಮತ್ತ ಬಂತು. ಪ್ರತಿ ಸಲ ಬಂದಾಗೂ ಜನ ಕೈ ಎತ್ತಿ ಮುಗಿಯೋರು. ಒಬ್ಬ ಹೆಣಮಗಳು ಇಳಿದ ಕೂಡ್ಲೇ ನೆಲಕ್ಕ ಹಣಿ ಹಚ್ಚಿದಳು, ಅದು ಇನ್ನೂ ಕಣ್ಣಾಗ ಐತಿ.

ಅವತ್ತು ಜೆಸಿಬಿ ಎತ್ತೋ ಹೆಲಿಕಾಪ್ಟರ್ ಬಂದಿದ್ರ ಏನ್ ಉಪಯೋಗ ಆಗ್ತಿರಲಿಲ್ಲ. ಇಳಿಯಾಕ ಜಾಗ ಸಣ್ಣದು, ಸುತ್ತ ಬಂಡಿಗಲ್ಲು. ಮಧ್ಯಮದ್ದು ಹತ್ತು ಇದ್ರ ಹತ್ತು ಊರಿಗೆ ಏಕಕಾಲಕ್ಕ ಹೋಗ್ತಾವ. ನಮ್ಮ ಕಡಿ ಬೇಕಾಗಿದ್ದು ಅದು.

ಮಲ್ನಾಡ್_ಮಳೆ:
ಮೈ ಜುಮ್ ಅಂತು ಓದಿ.

ಕಲ್ಪತರು_ನಾಡು:
ಗಂಗಾವತಿಯೋರ ಮಾತು ಓದಿದ್ಮೇಲೆ ನಾನು ಸ್ವಲ್ಪ ಮೆತ್ತಗಾದೆ, ನಿಜ ಹೇಳ್ಬೇಕಂದ್ರೆ ನಾನು ಬರೀ ಭಾರ ನೋಡ್ತಿದ್ದೆ, ಎಷ್ಟು ಕಡೆ ಒಟ್ಟಿಗೆ ಹೋಗ್ಬೇಕು ಅನ್ನೋದನ್ನ ನೋಡಿರ್ಲಿಲ್ಲ. ಮೊದಲು 13, ಅದರ ಗೇರ್‌ಬಾಕ್ಸ್, ಎಂಜಿನ್ ಕೈಗೆ ಬಂದ್ಮೇಲೆ ದೊಡ್ಡದು, ಹೀಗೆ ಅಂದ್ರೆ ಒಪ್ಪಿದೆ. ಆದ್ರೆ ಒಂದು ಆಸೆ ಬಿಡಲ್ಲ, ಹಿಂದಿನ ಬಾಗಿಲು ಅಗಲ ಇರ್ಲಿ, ಕೊಕ್ಕೆ ಗಟ್ಟಿ ಇರ್ಲಿ. ಜೆಸಿಬಿನ ಇಡೀ ಎತ್ತಕ್ಕಾಗ್ದಿದ್ರೂ ಬಿಚ್ಚಿ ಎರಡು ಮೂರು ಸಲ ಒಯ್ಯೋಕಾಗ್ಬೇಕು.

ದೊಡ್ಡಬಳ್ಳಾಪುರ_ಡೀಸೆಲ್:
ಬಿಚ್ಚಿ ಒಯ್ಯೋದು ಈಗ್ಲೂ ಮಾಡ್ತಾರೆ. ಬೂಮ್ ಬೇರೆ, ಕ್ಯಾಬಿನ್ ಬೇರೆ, ಚಾಸಿ ಬೇರೆ. ಮೇಲೆ ಜೋಡಿಸೋಕೆ ಮೆಕ್ಯಾನಿಕ್, ಹೈಡ್ರಾಲಿಕ್ ಆಯಿಲ್, ಒಂದು ಸಣ್ಣ ಕ್ರೇನು ಎಲ್ಲಾ ಜೊತೇಲಿ ಹೋಗ್ಬೇಕು. ಚಳೀಲಿ ಆ ಕೆಲಸಕ್ಕೆ ದಿನಗಟ್ಟಲೆ ಹಿಡಿಯುತ್ತೆ, ಚಿನೂಕ್ ಆದ್ರೆ ಒಂದೇ ಸಲಕ್ಕೆ ಇಳಿಸಿ ಬರುತ್ತೆ.

ಲೆಕ್ಕಾಚಾರ್ಯ:
ಅದನ್ನೇ ನಾನು ಹೇಳಿದ್ದು. 13 ನಾವು ಮಾಡೋಣ, ದೊಡ್ಡದು ಸದ್ಯಕ್ಕೆ ಕೊಳ್ಳೋಣ. ಚಿನೂಕ್‌ಗೆ ಬಾಲದ ರೋಟರ್ ಇಲ್ಲ, ಎಂಜಿನ್ ಶಕ್ತಿ ಪೂರ್ತಿ ಎತ್ತೋದಕ್ಕೇ ಹೋಗುತ್ತೆ, ಭಾರ ಸ್ವಲ್ಪ ಹಿಂದೆ ಮುಂದೆ ಇದ್ರೂ ತಡ್ಕೊಳುತ್ತೆ, ಎಂ777 ತೋಪನ್ನ ಹಾಗೇ ನೇತಾಕ್ಕೊಂಡು ಹೋಗುತ್ತೆ. 2023ರಲ್ಲಿ ಸಿಲ್ಕ್ಯಾರಾ ಸುರಂಗದಿಂದ ಹೊರಗೆ ಬಂದ 41 ಜನರನ್ನ ರಿಷಿಕೇಶದ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೂ ಅದೇ, ಎಲ್ರೂ ಒಂದೇ ಸಲಕ್ಕೆ.

ಮಲ್ನಾಡ್_ಮಳೆ:
@ಸಾಂಬ್ರಾ_ಮಾಜಿ ಸರ್, ಕೊಕ್ಕೆಗೆ ಭಾರ ತೂಗುಹಾಕುವಾಗ ಕೆಳಗೆ ಒಬ್ರು ನಿಂತಿರ್ತಾರಲ್ಲ, ಮೇಲೆ ಅಷ್ಟು ದೊಡ್ಡ ಮಷೀನ್ ಇರುವಾಗ ಹೆದರಿಕೆ ಆಗಲ್ವಾ?

ಸಾಂಬ್ರಾ_ಮಾಜಿ:
ಆಗತೈತ್ರಿ. ಆದ್ರ ಹೆದರಿಕಿ ಇರೂದು ಮಷೀನ್ ಮ್ಯಾಲ ಬೀಳತೈತಿ ಅಂತಲ್ಲ, ಕರೆಂಟಿಂದು. ಬ್ಲೇಡ್ ಗಾಳಿಯೊಳಗ, ಧೂಳಿನೊಳಗ, ಹಿಮದೊಳಗ ತಿರುಗಿ ತಿರುಗಿ ಇಡೀ ಹೆಲಿಕಾಪ್ಟರಿಗೆ ವಿದ್ಯುತ್ ತುಂಬಿರತೈತಿ. ಕೊಕ್ಕಿ ಬರೇ ಕೈಲೆ ಮುಟ್ಟಿದ್ರ ಒಗದ ಬಿಡತೈತಿ. ಅದಕ್ಕ ಒಬ್ಬಾವ ಮೊದಲ ಕಡ್ಡಿ ಹಿಡಕೊಂಡು ನಿಂದರ್ತಾನ, ಕಡ್ಡಿಗೆ ತಂತಿ, ತಂತಿ ಇನ್ನೊಂದು ತುದಿ ನೆಲದಾಗ ಹುಗದ ಗೂಟಕ್ಕ. ಕಡ್ಡಿ ಕೊಕ್ಕಿಗೆ ತಾಗಿದ ಮ್ಯಾಲ ಎರಡನೇದಾವ ಸ್ಲಿಂಗ್ (ಭಾರ ಕಟ್ಟಿದ ಹಗ್ಗ) ಸಿಗಸ್ತಾನ. ಕಡ್ಡಿ ತಪ್ಪಿ ಸರದ್ರ ಸಿಗಸಾಂವ ಕೈ ಬಿಡಬೇಕು, ಮತ್ತ ಮೊದಲಿಂದ. ನಾ ಕಡ್ಡಿ ಹಿಡಿಯಾಂವ ಇದ್ದೆ.